ಎರಡು ಜೊತೆ ರೆಕ್ಕೆಗಳ ಟೈಗರ್ ಮಾತ್

ದೇವರಮನೆಯ ಗುಡ್ಡದಂಚಿನಲ್ಲಿ ಬೀಸುಗಾಳಿಗೆ ಎದುರಾಗಿ ನಿಂತು ಪುಸ್ತಕದ ರಟ್ಟೊಂದನ್ನು ಅಡ್ಡಲಾಗಿ ಹಿಡಿಯೋಣ. ಗಾಳಿಯ ಕಡೆಗಿರುವ ಅಂಚನ್ನು ತುಸು ಮೇಲೆತ್ತಿದೊಡನೆ ರಟ್ಟು ಮೇಲಕ್ಕೇಳಲು ಹವಣಿಸುತ್ತದೆ. ಜೊತೆಗೆ ನಮ್ಮ ಕೈಯನ್ನು ಹಿಂದಕ್ಕೂ ತಳ್ಳುತ್ತದೆ. ವಿಮಾನದ ರೆಕ್ಕೆಯ ಲಾಭವೂ ನಷ್ಟವೂ ಈ ಎರಡು ಬಲಗಳಲ್ಲಿಯೇ ಅಡಗಿವೆ.

ಡಿ ಹ್ಯಾವಿಲ್ಯಾಂಡ್ ಸಂಸ್ಥೆಯ ಟೈಗರ್ ಮಾತ್ ವಿಮಾನ ಇಂಗ್ಲೆಂಡಿನಲ್ಲಿ ಮೊದಲು ಹಾರಿದುದು ೧೯೩೧ರ ಅಕ್ಟೋಬರ್ ೨೬ರಂದು. ನಮ್ಮ ವಾಯುಸೇನೆಯ ಒಂದು ತಲೆಮಾರಿನ ವೈಮಾನಿಕರು ಹಾರಾಟದ ಓನಾಮ ಕಲಿತದ್ದು ಇದರಲ್ಲಿಯೇ. ಎಂಜಿನ್ನು ೧೩೦ ಅಶ್ವಶಕ್ತಿಯದು. ತುಂಬಿದ ತೂಕ ಸುಮಾರು ೮೩೦ ಕಿಲೋಗ್ರಾಂ. ರೆಕ್ಕೆಗಳ ಒಟ್ಟು ವಿಸ್ತೀರ್ಣ ೨೨ ಚದರ ಮೀಟರು. ಎಂದರೆ ಚದರ ಮೀಟರಿಗೆ ೩೮ ಕಿಲೋಗ್ರಾಮಿನಷ್ಟು ಹೊರೆ. ಈ ಹೊರೆ ಕಡಿಮೆಯಾದಷ್ಟೂ ವಿಮಾನವು ಅಲ್ಪ ವೇಗದಲ್ಲಿಯೇ ನೆಲ ಬಿಡಬಲ್ಲುದು, ಮೆಲ್ಲಗೆ ಇಳಿಯಬಲ್ಲುದು. ಕಲಿಯುವವನಿಗೆ ಬೇಕಾದುದೂ ಅದೇ.

ಇಷ್ಟು ವಿಸ್ತೀರ್ಣವನ್ನು ಒಂದೇ ಜೊತೆ ರೆಕ್ಕೆಗೆ ಕೊಡಬಾರದೆ? ಕೊಡಬಹುದು, ಆದರೆ ಮರ ಮತ್ತು ಬಟ್ಟೆಯ ಉದ್ದ ರೆಕ್ಕೆ ಬಾಗುತ್ತದೆ. ಹಳ್ಳಕ್ಕೆ ಹಾಕಿದ ಒಂಟಿ ಅಡಕೆ ದಬ್ಬೆ ಕಾಲಿಟ್ಟೊಡನೆ ಬಳುಕುವುದನ್ನು ಮಲೆನಾಡಿನ ವಿದ್ಯಾರ್ಥಿಗಳು ಬಲ್ಲರು. ಎರಡು ದಬ್ಬೆಗಳನ್ನು ಮೇಲೆ ಕೆಳಗೆ ಇರಿಸಿ, ನಡುವೆ ಗೂಟಗಳನ್ನೂ ಓರೆ ತಂತಿಗಳನ್ನೂ ಬಿಗಿದರೆ ಆ ಬಳುಕು ಬಹುಮಟ್ಟಿಗೆ ಅಡಗುತ್ತದೆ. ಇದಕ್ಕೆ ಬೆಲೆಯನ್ನೂ ತೆರಬೇಕು. ಕಂಬ ತಂತಿಗಳೆಲ್ಲ ಗಾಳಿಗೆ ಅಡ್ಡವಾಗುತ್ತವೆ. ವೇಗ ಎರಡರಷ್ಟಾದರೆ ಅವುಗಳ ತಡೆ ನಾಲ್ಕರಷ್ಟಾಗುತ್ತದೆ. ಟೈಗರ್ ಮಾತ್ ಸಮಮಟ್ಟದ ಹಾರಾಟದಲ್ಲಿ ಗಂಟೆಗೆ ಸುಮಾರು ೧೭೫ ಕಿಲೋಮೀಟರು ದಾಟಲಾರದು.

ಇದರ ಮೇಲಿನ ರೆಕ್ಕೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಹಿಂದಿನ ಮಾತ್ ವಿಮಾನಗಳಲ್ಲಿ ಅದು ಮುಂದಿನ ಆಸನದ ನೆತ್ತಿಯ ಮೇಲೆಯೇ ಇತ್ತು. ಅಲ್ಲಿ ಕುಳಿತ ಶಿಕ್ಷಕನು ಅಪಾಯ ಬಂದಾಗ ಪ್ಯಾರಾಚೂಟಿನೊಡನೆ ಹೊರಬೀಳುವುದು ಬಲು ಕಷ್ಟ. ಆದುದರಿಂದ ರೆಕ್ಕೆಯ ನಡುಭಾಗವನ್ನು ಮುಂದಕ್ಕೆ ಸರಿಸಿದರು. ಈಗ ಬೇರೊಂದು ತೊಡಕು ಎದ್ದಿತು: ಎತ್ತುವ ಬಲದ ಕೇಂದ್ರವೂ ಮುಂದಕ್ಕೆ ಸರಿದು, ಗುರುತ್ವ ಕೇಂದ್ರದೊಡನೆ ಅದರ ಹೊಂದಿಕೆ ತಪ್ಪಿತು, ಹಾಗೆಯೇ ಬಿಟ್ಟರೆ ಮೂತಿ ಮೇಲೇಳುತ್ತದೆ. ನಡುಭಾಗವನ್ನು ಸರಿಸಿದಲ್ಲಿಯೇ ಬಿಟ್ಟು ರೆಕ್ಕೆಗಳ ತುದಿಗಳನ್ನು ಹಿಂದಕ್ಕೆ ಓರೆಮಾಡಿದರು, ಸಮತೋಲ ಮರಳಿತು. ಓರೆ ರೆಕ್ಕೆ ಎಂದೊಡನೆ ಜೆಟ್ ವಿಮಾನವನ್ನು ನೆನೆಯುವ ಮಿತ್ರರಿಗೆ ನಾವು ಈ ಶಿಕ್ಷಕನನ್ನು ನೆನಪಿಸಬಯಸುತ್ತೇವೆ.

ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-೨ ವಿಮಾನ ೧೯೫೧ರ ಆಗಸ್ಟಿನಲ್ಲಿ ಹಾರಿತು. ಅದಕ್ಕೆ ಲೋಹದ ಒಂದೇ ಜೊತೆ ರೆಕ್ಕೆ. ಕ್ರಮೇಣ ಟೈಗರ್ ಮಾತ್‌ನ ಸ್ಥಾನ ಅದರದಾಯಿತು. ಹಾರಬಲ್ಲ ಟೈಗರ್ ಮಾತ್ ಇಂದು ನಮ್ಮ ದೇಶದಲ್ಲಿ ಬಲು ಅಪರೂಪ. ಜೀರ್ಣೋದ್ಧಾರಗೊಂಡ ಒಂದು ೨೦೧೨ರ ವಾಯುಸೇನಾ ದಿನದಂದು ಹಿಂಡನ್ ನೆಲೆಯ ಮೇಲೆ ಹಾರಿತು.