ಹಾಡುವ ಬೀರು

1960ರ ದಶಕದಲ್ಲಿ ಅಮೆರಿಕದ ಮಧ್ಯಮವರ್ಗದ ಎಷ್ಟೋ ಮನೆಗಳ ನಡುಮನೆಯಲ್ಲಿ ಗಿಡ್ಡ ಕಾಲಿನ, ಉದ್ದನೆಯ ಮರದ ಬೀರುವೊಂದು ಇರುತ್ತಿತ್ತು. ಮೇಲೆ ಹೂದಾನಿ, ಮಕ್ಕಳ ಫೋಟೊ. ಮುಚ್ಚಳ ಸರಿಸಿದರೆ ಒಳಗೆ ರೆಕಾರ್ಡ್ ಪ್ಲೇಯರ್, ರೇಡಿಯೊ, ಆಂಪ್ಲಿಫೈಯರ್. ಮುಂಭಾಗದ ಬಟ್ಟೆಯ ಹಿಂದೆ ಸ್ಪೀಕರುಗಳು. ಇದೇ ಕನ್ಸೋಲ್ ಸ್ಟೀರಿಯೊ. ನಮ್ಮಲ್ಲಿ ಉಳ್ಳವರ ಮನೆಯಲ್ಲಿದ್ದ ರೇಡಿಯೊಗ್ರಾಮ್‌ಗೆ ದೊಡ್ಡಪ್ಪನ ಮಗ ಎನ್ನಬಹುದು.

ಕೊಲಂಬಿಯಾ ಕಂಪನಿ ಎಲ್‌ಪಿ ತಂದದ್ದು 1948ರಲ್ಲಿ. ಸ್ಟೀರಿಯೊ ರೆಕಾರ್ಡುಗಳು ಅಂಗಡಿಗೆ ಬಂದದ್ದು 1958ರಲ್ಲಿ, ಎಫ್‌ಎಂ ಸ್ಟೀರಿಯೊ ಪ್ರಸಾರ ಶುರುವಾದದ್ದು 1961ರಲ್ಲಿ. ಇವನ್ನೆಲ್ಲ ವೈರುಗಳ ಗೋಜಿಲ್ಲದೆ ಕೇಳಬೇಕೆನ್ನುವ ಸಂಸಾರಸ್ಥರಿಗಾಗಿ ಷಿಕಾಗೊದ ಜೆನಿತ್, ಇಂಡಿಯಾನಾದ ಫೋರ್ಟ್ ವೇನ್‌ನ ಮ್ಯಾಗ್ನವಾಕ್ಸ್‌ನಂಥ ಕಂಪನಿಗಳು ಪೈಪೋಟಿಗೆ ಬಿದ್ದು ಕನ್ಸೋಲ್ ತಯಾರಿಸಿದವು.

ಮ್ಯಾಗ್ನವಾಕ್ಸ್‌ನ ಆಸ್ಟ್ರೊ-ಸಾನಿಕ್ ಮಾಲೆಯ ದೊಡ್ಡ ಮಾದರಿಗಳಲ್ಲಿ 15 ಇಂಚಿನ ಎರಡು ಸ್ಪೀಕರುಗಳಿದ್ದವು. ಏರುದನಿಗೆ ಬೇರೆಯೇ ಹಾರ್ನ್‌ಗಳು. ಅಷ್ಟು ದೊಡ್ಡ ಪೆಟ್ಟಿಗೆಯಿಂದ ಹೊರಡುವ ತಗ್ಗುದನಿ ಗಟ್ಟಿಯಾಗಿ ಕೂಗುವುದಿಲ್ಲ, ಕೋಣೆಯನ್ನೇ ತುಂಬಿಕೊಳ್ಳುತ್ತದೆ. ಕೊರತೆಯೂ ಇದೆ. ಎರಡೂ ಸ್ಪೀಕರು ಒಂದೇ ಬೀರುವಿನಲ್ಲಿರುವುದರಿಂದ ಎಡ-ಬಲದ ಅಂತರ ಕಡಿಮೆ. ಹೈ-ಫೈ ಶೋಕಿಯವರು ಮೂಗು ಮುರಿಯುವುದು ಇದಕ್ಕೇ.

ಆ ಕಾಲದ ಕೆಲವು ರೆಕಾರ್ಡುಗಳು ಮಾತ್ರ ಈ ಕೊರತೆಯನ್ನೂ ಮೀರಿ ಕೇಳಿಸುತ್ತವೆ. ವಾದ್ಯಗೋಷ್ಠಿ ನಡೆಸುತ್ತಿದ್ದ ಈನಕ್ ಲೈಟ್ ತನ್ನ ಕಮಾಂಡ್ ಲೇಬಲ್‌ನಲ್ಲಿ 1959ರಲ್ಲಿ ತಂದ 'ಪರ್ಸ್ವೇಸಿವ್ ಪರ್ಕಶನ್' ಅಂಥದ್ದು. ಬೊಂಗೊ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಜಿಗಿಯುತ್ತದೆ. ಸಂಗೀತಕ್ಕಿಂತ ಚಮತ್ಕಾರವೇ ಜಾಸ್ತಿ ಎನ್ನುವ ದೂರು ಸುಳ್ಳೇನಲ್ಲ. ಆದರೆ ಹೊಸ ಸ್ಟೀರಿಯೊ ಕೊಂಡವರು ನೆರೆಹೊರೆಯವರನ್ನು ಕರೆದು ಕೇಳಿಸಲು ಬೇಕಿದ್ದದ್ದೇ ಆ ಚಮತ್ಕಾರ!

ಇನ್ನೊಂದು ಸುಖ ಚೇಂಜರ್‌ನದು. ನಡುವಿನ ಕಂಬಿಗೆ ನಾಲ್ಕಾರು ಎಲ್‌ಪಿ ಪೇರಿಸಿಟ್ಟರೆ ಒಂದು ಮುಗಿದ ಮೇಲೆ ಇನ್ನೊಂದು ತಾನಾಗಿ ಕೆಳಗೆ ಬೀಳುತ್ತದೆ. ಇದಕ್ಕೆಂದೇ ಹಳೆಯ ಜೋಡಿ ಆಲ್ಬಮ್‌ಗಳಲ್ಲಿ ಒಂದನೇ ಬದಿಯ ಬೆನ್ನಿಗೆ ನಾಲ್ಕನೆಯದು, ಎರಡನೆಯದರ ಬೆನ್ನಿಗೆ ಮೂರನೆಯದು ಅಚ್ಚಾಗಿರುತ್ತಿದ್ದವು. ಎರಡು ಬದಿ ಮುಗಿದ ಮೇಲೆ ಎದ್ದು ಇಡೀ ಕಟ್ಟನ್ನು ಮಗುಚಿದರೆ ಸಾಕು.

ಈಗ ಇಂಥ ಬೀರು ಕೊಳ್ಳುವವರು ನೇರ ಪ್ಲಗ್ ಚುಚ್ಚಬಾರದು. ಹಳೆಯ ಕೆಪಾಸಿಟರ್‌ಗಳು ಒಣಗಿರುತ್ತವೆ. ಚೇಂಜರ್‌ನ ಗ್ರೀಸ್ ಅಂಟಾಗಿ, ರಬ್ಬರ್ ಚಕ್ರ ಗಡುಸಾಗಿರುತ್ತದೆ. ಮೊದಲು ರಿಪೇರಿಯವರ ಕೈಗೆ ಕೊಡಬೇಕು. ಸವೆದ ಮುಳ್ಳು ರೆಕಾರ್ಡನ್ನೇ ಕೆತ್ತಿಬಿಡುತ್ತದೆ. 78ರ ಪ್ಲೇಟು ಹಾಕುವವರಿಗೆ ಬೇರೆ ಮುಳ್ಳು ಬೇಕು, ಅದರ ಗೆರೆ ಎಲ್‌ಪಿಯದಕ್ಕಿಂತ ಎರಡು-ಮೂರು ಪಟ್ಟು ಅಗಲ.

ಅಮೆರಿಕದಿಂದ ಊರಿಗೆ ಸಾಗಿಸುವ ಕನ್ನಡಿಗರಿಗೆ ಇನ್ನೊಂದು ತೊಡಕು ಕಾದಿದೆ. 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸಿಕೊಡುತ್ತದೆ, ನಿಜ. ಆದರೆ ಮೋಟಾರಿನ ವೇಗ ನಿಂತಿರುವುದು ಅಲ್ಲಿನ ಕರೆಂಟಿನ 60 ಹರ್ಟ್ಸ್ ಮೇಲೆ, ನಮ್ಮದು 50. ನಿಮಿಷಕ್ಕೆ 33⅓ ಸುತ್ತು ತಿರುಗಬೇಕಾದದ್ದು 28ರ ಆಸುಪಾಸಿಗೆ ಇಳಿಯುತ್ತದೆ, ಶ್ರುತಿ ಮೂರು ಸ್ವರಸ್ಥಾನ ಕುಸಿಯುತ್ತದೆ. ಮೋಟಾರಿನ ದಂಡಕ್ಕೆ ಐದನೇ ಒಂದು ಪಾಲು ಹೆಚ್ಚು ದಪ್ಪದ ಪುಲ್ಲಿಯನ್ನು ಲೇತ್‌ನಲ್ಲಿ ಮಾಡಿಸಿ ಹಾಕಿದರೆ ವೇಗ ಸರಿಹೋಗುತ್ತದೆ.