ಗೂಡಿನ ತೂಕವೋ, ನೂಲಿನ ತೂಕವೋ?

ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಕೊಳ್ಳಲು ಬರುವ ರೀಲರು ಬರೀ ತೂಕ ನೋಡಿ ಬೆಲೆ ಕಟ್ಟುವುದಿಲ್ಲ. ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದೀತು ಎಂದು ಅಂದಾಜು ಮಾಡುತ್ತಾರೆ. ಕೈವಾರದ ಸುತ್ತಮುತ್ತ ಹುಳು ಸಾಕುವ ಮನೆಗಳಿಗೆ ಇದು ಹೊಸ ಲೆಕ್ಕವೇನಲ್ಲ. ಆದರೆ ಅದೇ ಮನೆಯ ಮಗನೋ ಮಗಳೋ ಕಂಪ್ಯೂಟರ್ ಸೈನ್ಸ್ ಮುಗಿಸಿ ಎರಡು ನೇಮಕಾತಿ ಪತ್ರ ತಂದರೆ, ಹೆತ್ತವರು ಕೇಳುವುದು ಒಂದೇ ಪ್ರಶ್ನೆ: 'ಯಾವುದರಲ್ಲಿ ಜಾಸ್ತಿ?'

ಪತ್ರದಲ್ಲಿ ಕಾಣುವ ವಾರ್ಷಿಕ ಮೊತ್ತ, ಅಂದರೆ ಸಿ.ಟಿ.ಸಿ., ಕೈಗೆ ಬರುವ ಸಂಬಳವಲ್ಲ. ಅದು ನೌಕರನಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಒಂದು ಉದಾಹರಣೆ ನೋಡೋಣ.

ಮೊದಲ ಪತ್ರ 5,00,000 ರೂಪಾಯಿಯದು. ಮೂಲ ವೇತನ ಅದರ ಅರ್ಧ. ಸಾಧನೆ ನೋಡಿ ಕೊಡುವ ಭಾಗ 50,000, ಕಂಪನಿ ಕಟ್ಟುವ ಭವಿಷ್ಯನಿಧಿ 30,000, ಗ್ರಾಚ್ಯುಟಿ 12,000, ವಿಮೆ 8,000 ಎಂದಿಟ್ಟುಕೊಳ್ಳಿ. ಉಳಿಯುವುದು 4,00,000. ನೌಕರನ ಪಾಲಿನ ಭವಿಷ್ಯನಿಧಿ 30,000 ಮತ್ತು ವೃತ್ತಿ ತೆರಿಗೆ 2,500 ಕಳೆದರೆ ತಿಂಗಳಿಗೆ ಕೈಗೆ ಬರುವುದು ಸುಮಾರು 30,600.

ಎರಡನೆಯದು 4,40,000ದ ಪತ್ರ. ಸಾಧನೆಯ ಭಾಗವೆಂಬುದೇ ಇಲ್ಲ. ಇದೇ ರೀತಿ ಕಳೆಯುತ್ತ ಹೋದರೆ ಕೈಗೆ ಬರುವುದು ಸುಮಾರು 30,500! ಕಾಗದದ ಮೇಲಿನ 60,000 ರೂಪಾಯಿ ಅಂತರ ತಿಂಗಳಿಗೆ ನೂರು ರೂಪಾಯಿಗೆ ಇಳಿಯಿತು. ಭವಿಷ್ಯನಿಧಿ ಉಳಿತಾಯವೇ ಹೌದು. ಸಾಧನೆಯ ಹಣ ಬಂದರೆ ಲಾಭವೂ ಹೌದು. ಆದರೆ ಸಾಲದ ಕಂತನ್ನು ಅದರ ಭರವಸೆಯ ಮೇಲೆ ಕಟ್ಟಲಾಗದು.

ಮುಂದೆ ನೋಡಬೇಕಾದದ್ದು ಷರತ್ತುಗಳನ್ನು. ಮೂರು ವರ್ಷಕ್ಕೆ ಮೊದಲೇ ಕೆಲಸ ಬಿಟ್ಟರೆ 2 ಲಕ್ಷ ರೂಪಾಯಿ ಕಟ್ಟಬೇಕೆಂಬ ವಿಜಯಾ ಬ್ಯಾಂಕಿನ ಷರತ್ತನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಅದು ಸರ್ಕಾರಿ ಬ್ಯಾಂಕಿನ ಪ್ರಕರಣ. ಆದರೂ 'ಬಾಂಡ್ ಎಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ' ಎಂಬ ಗೆಳೆಯರ ಮಾತು ನಂಬಿ ಸಹಿ ಹಾಕುವುದು ಜಾಣತನವಲ್ಲ. ಮೂಲ ಅಂಕಪಟ್ಟಿಗಳನ್ನು ಇರಿಸಿಕೊಳ್ಳುತ್ತೇವೆ ಎಂದರಂತೂ ಎರಡು ಸಲ ಯೋಚಿಸಿ.

ಸೇರುವ ದಿನಾಂಕ ಮತ್ತು ತರಬೇತಿಯ ಪರೀಕ್ಷೆಗಳನ್ನೂ ವಿಚಾರಿಸಬೇಕು. 2022ರಲ್ಲಿ ಪತ್ರ ಪಡೆದು ಎರಡು ವರ್ಷ ಕಾದು ಕೆಲಸಕ್ಕೆ ಸೇರಿದವರೂ ಇದ್ದಾರೆ. 2025ರ ಫೆಬ್ರವರಿಯಲ್ಲಿ ಮೈಸೂರಿನ ತರಬೇತಿ ಕೇಂದ್ರವೊಂದರಲ್ಲಿ ಆಂತರಿಕ ಪರೀಕ್ಷೆ ದಾಟದ ಮುನ್ನೂರಕ್ಕೂ ಹೆಚ್ಚು ಮಂದಿ ಮನೆಗೆ ಮರಳಬೇಕಾಯಿತು. ಆದ್ದರಿಂದ ಪತ್ರ ಬಂದಿತೆಂದು ಓದು ನಿಲ್ಲಿಸಬಾರದು; ಸೇರುವವರೆಗೆ ಇನ್ನೊಂದು ಬಾಗಿಲನ್ನು ಪೂರ್ತಿ ಮುಚ್ಚಲೂಬಾರದು.

ಕೊನೆಯದು, ಕೆಲಸ ಎಂಥದ್ದು ಎಂಬ ಪ್ರಶ್ನೆ. ಮೊದಲ ಎರಡು ವರ್ಷ ಕಲಿಸುವ ಹಿರಿಯರಿರುವ ತಂಡ ಸಿಕ್ಕರೆ ಮೂರನೆಯ ವರ್ಷದ ಸಂಬಳ ತಾನಾಗಿ ಏರುತ್ತದೆ. ಹೆಸರಿಗೆ ಮಾತ್ರ ದೊಡ್ಡದಾದ ಕಡೆ ಕೆಲಸವಿಲ್ಲದೆ ಕೂತವರಿಗೆ ಆ ಅನುಕೂಲವಿಲ್ಲ.

ನಮ್ಮ ಜಿಲ್ಲೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರನ್ನು 1909ರಲ್ಲಿ ಮೈಸೂರು ಸಂಸ್ಥಾನ ಮುಖ್ಯ ಇಂಜಿನಿಯರ್ ಹುದ್ದೆಗೆ ಕರೆಯಿತು. ಅವರು ಕೂಡಲೇ ಒಪ್ಪಲಿಲ್ಲ. ತಾಂತ್ರಿಕ ಶಿಕ್ಷಣ, ಕೈಗಾರಿಕೆಗಳ ಬಗ್ಗೆ ತಮಗಿದ್ದ ಆಲೋಚನೆಗಳಿಗೆ ಅಲ್ಲಿ ಅವಕಾಶವಿದೆಯೇ ಎಂದು ವಿಚಾರಿಸಿ, ಭರವಸೆ ದೊರೆತ ಮೇಲೆಯೇ ಹೊರಟರು. ಹೊಸ ಪದವೀಧರನಿಗೆ ಷರತ್ತು ಹಾಕುವ ಸ್ಥಾನವಿಲ್ಲದಿರಬಹುದು. ಆದರೆ 'ನನ್ನಿಂದ ಯಾವ ಕೆಲಸ ಮಾಡಿಸುತ್ತೀರಿ?' ಎಂದು ವಿನಯದಿಂದ ಕೇಳುವ ಹಕ್ಕು ಅವನಿಗೂ ಇದೆ. ಪಾಲಕರೇ, ಆ ಪ್ರಶ್ನೆ ಕೇಳಲು ಮಕ್ಕಳಿಗೆ ಧೈರ್ಯ ಹೇಳಿ.