ಮನೆಯ ಗಣಕಯಂತ್ರದಲ್ಲಿ ಆಕಾಶದ ಕಾಯಕ

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಅರಿಯದ ಶರಣ ಮನೆತನವಿರಲಾರದು. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದಲೇ ಜಂಗಮ ದಾಸೋಹವನ್ನು ನಡೆಸುತ್ತಿದ್ದರು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಈ ಕಥೆಯಲ್ಲಿ ಎರಡು ಪಾಠಗಳಿವೆ. ಯಾರ ಕಣ್ಣಿಗೂ ಬೀಳದೆ ಮಣ್ಣುಪಾಲಾಗುವ ಕಾಳು ಕೂಡ ದಾಸೋಹಕ್ಕೆ ಯೋಗ್ಯವೆಂಬುದು ಮೊದಲನೆಯದು. ಯಾವುದು ನಿಜವಾಗಿ ಉಳಿದದ್ದು, ಯಾವುದು ಅಲ್ಲ ಎಂಬ ವಿವೇಕವಿಲ್ಲದೆ ದಾಸೋಹ ಶುದ್ಧವಾಗದೆಂಬುದು ಎರಡನೆಯದು.

ಇಂದು ನಮ್ಮ ಮನೆಗಳಲ್ಲಿಯೂ ಪ್ರತಿನಿತ್ಯ ಒಂದು ಬಗೆಯ ಕಾಳು ಚೆಲ್ಲಿಹೋಗುತ್ತಿದೆ. ಅದು ಗಣಕಯಂತ್ರದ ಬಿಡುವಿನ ವೇಳೆ. ಮಕ್ಕಳು ಪಾಠ ಬರೆಯುವಾಗ, ಗೃಹಿಣಿಯು ವಿದ್ಯುತ್ ಬಿಲ್ಲು ಕಟ್ಟುವಾಗ, ಹಿರಿಯರು ಪ್ರವಚನ ಕೇಳುವಾಗ ಆ ಯಂತ್ರವು ತನ್ನ ಶಕ್ತಿಯ ಅತ್ಯಲ್ಪ ಭಾಗವನ್ನು ಮಾತ್ರ ಬಳಸುತ್ತದೆ. ಉಳಿದುದು ವ್ಯರ್ಥವಾಗಿ ಕಳೆಯುತ್ತದೆ. ಈ ಉಳಿಕೆಯನ್ನು ಲೋಕದ ನಾನಾ ಮನೆಗಳಿಂದ ಆಯ್ದು ಒಟ್ಟುಗೂಡಿಸಿ, ಖಗೋಳ ವಿಜ್ಞಾನದ ಬೃಹತ್ತಾದ ಲೆಕ್ಕಗಳನ್ನು ಮಾಡಿಸುವ ಒಂದು ಪದ್ಧತಿ ಕಾಲು ಶತಮಾನಕ್ಕೂ ಹಿಂದೆಯೇ ಆರಂಭವಾಯಿತು. ಅದರ ಪರಿಚಯವನ್ನು ನಮ್ಮ ಓದುಗ ಕುಟುಂಬಗಳಿಗೆ ಮಾಡಿಕೊಡುವುದು ಈ ಲೇಖನದ ಉದ್ದೇಶ. ಅದಕ್ಕೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ.

ಚಾಮರಾಜಪೇಟೆಯ ಒಂದು ರಾತ್ರಿ

2001ರಲ್ಲಿ ನನ್ನ ಅಕ್ಕನ ಮಗನು ಎಂಜಿನಿಯರಿಂಗ್ ಓದುತ್ತ ಚಾಮರಾಜಪೇಟೆಯ ನಮ್ಮ ಮನೆಯಲ್ಲಿದ್ದನು. ಮನೆಗೆ ಆಗ ತಾನೇ ಗಣಕಯಂತ್ರ ಬಂದಿತ್ತು. ಒಂದು ರಾತ್ರಿ ನೀರು ಕುಡಿಯಲೆಂದು ಎದ್ದವನಿಗೆ ನಡುಮನೆಯಲ್ಲಿ ಬೆಳಕು ಕಂಡಿತು. ಯಂತ್ರದ ಪರದೆಯ ಮೇಲೆ ಕೆಂಪು, ಹಳದಿ, ಹಸಿರು ಬಣ್ಣದ ಗೀಟುಗಳು ಬೆಟ್ಟಸಾಲಿನಂತೆ ಏಳುತ್ತ ಬೀಳುತ್ತಲಿದ್ದವು. ಎದುರಿಗೆ ಯಾರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಕೇಳಿದಾಗ ಹುಡುಗನು, "ಮಾಮ, ಅದು ಆಕಾಶದಿಂದ ಬಂದ ಸದ್ದನ್ನು ಸೋಸುತ್ತಿದೆ. ನಾವು ಮಲಗಿರುವಾಗ ಮಾತ್ರ" ಎಂದನು. ನಾನು ಪೂರ್ತಿ ಕೇಳಲಿಲ್ಲ. "ಮನೆಮಂದಿಯೆಲ್ಲ ಮಲಗಿದ ಮೇಲೆ ಯಂತ್ರಕ್ಕೇನು ಕೆಲಸ? ಇದು ಕರೆಂಟಿನ ದುಂದು" ಎಂದು ಗದರಿದೆ. ಅವನು ಎದುರು ಮಾತನಾಡಲಿಲ್ಲ. ಅಂದಿನಿಂದ ಆ ಪರದೆ ರಾತ್ರಿಯ ಹೊತ್ತು ಕಪ್ಪಾಯಿತು.

ಅದು ಸೆಟಿ ಅಟ್ ಹೋಮ್ ಎಂಬ ಯೋಜನೆಯೆಂದು ನನಗೆ ತಿಳಿದದ್ದು ಬಹುಕಾಲದ ಮೇಲೆ. 2020ರ ಮಾರ್ಚ್ ಕೊನೆಯಲ್ಲಿ, ಊರೆಲ್ಲ ಬಾಗಿಲು ಮುಚ್ಚಿದ್ದ ದಿನಗಳಲ್ಲಿ, ಮಲ್ಲೇಶ್ವರದ ತನ್ನ ಮನೆಯಿಂದ ಅವನು ದೂರವಾಣಿ ಮಾಡಿ, "ಮಾಮ, ಅಂದು ನೀವು ಆರಿಸಿದ್ದು ನೆನಪಿದೆಯೆ? ಅದು ಈಗ ನಿಂತುಹೋಯಿತು" ಎಂದನು. ನಮ್ಮ ಮನೆ ಬಿಟ್ಟ ಮೇಲೆ ಅಷ್ಟು ವರ್ಷವೂ ಅವನು ಅದನ್ನು ಸದ್ದಿಲ್ಲದೆ ನಡೆಸಿಕೊಂಡು ಬಂದಿದ್ದನು. ದಾಸೋಹದ ಮೇಲೆ ಊರೂರಲ್ಲಿ ಉಪನ್ಯಾಸ ಮಾಡಿದ ನಾನು, ನನ್ನ ನಡುಮನೆಯಲ್ಲಿಯೇ ನಡೆಯುತ್ತಿದ್ದುದನ್ನು ಗುರುತಿಸದೆ ಹೋದೆ.

ಹನಿಗೂಡಿದ ಲೆಕ್ಕ

ಚಿಕ್ಕವು ಹಲವು ಸೇರಿ ದೊಡ್ಡದೊಂದಾಗುವ ಉಪಾಯ ಖಗೋಳ ವಿಜ್ಞಾನಕ್ಕೆ ಹೊಸದಲ್ಲ. ಬೆಂಗಳೂರಿನ ಉತ್ತರಕ್ಕೆ ಗೌರಿಬಿದನೂರಿನ ಬಳಿ, 1970ರ ದಶಕದಲ್ಲಿ ನಮ್ಮ ನಗರದ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆಗಳು ಕೂಡಿ ರೇಡಿಯೋ ದೂರದರ್ಶಕವೊಂದನ್ನು ನಿರ್ಮಿಸಿದವು. ಅದರಲ್ಲಿ ಒಂದೇ ಒಂದು ಭಾರಿ ಯಂತ್ರವಿರಲಿಲ್ಲ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ, ಪೂರ್ವ ಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರ್ ಉದ್ದಕ್ಕೆ ಹರಡಿದ 1000 ಸರಳ ಆಂಟೆನಾಗಳಿದ್ದವು. ಒಂದೊಂದೂ ತಾನಾಗಿ ಏನನ್ನೂ ಕಾಣಲಾರದು. ಎಲ್ಲವೂ ಗ್ರಹಿಸಿದ್ದನ್ನು ಕೂಡಿಸಿದಾಗ ಆಕಾಶದ ನಕ್ಷೆ ಮೂಡಿತು.

ಅಮೆರಿಕದ ಬರ್ಕಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಇದೇ ಉಪಾಯವನ್ನು ಗಣನೆಗೆ ಅನ್ವಯಿಸಿದರು. ಪೋರ್ಟೊ ರಿಕೊ ದ್ವೀಪದ ಆರೆಸಿಬೊದಲ್ಲಿ 305 ಮೀಟರ್ ಅಗಲದ ಬೃಹತ್ ರೇಡಿಯೋ ಬೋಗುಣಿಯೊಂದಿತ್ತು. ಅದು ಆಕಾಶದಿಂದ ಸಂಗ್ರಹಿಸಿದ ಸದ್ದಿನಲ್ಲಿ, ಬೇರೆ ಲೋಕದ ಬುದ್ಧಿಜೀವಿಗಳು ಕಳುಹಿಸಿರಬಹುದಾದ ಸಂಕೇತವೇನಾದರೂ ಇದೆಯೇ ಎಂದು ಹುಡುಕುವುದು ಅವರ ಗುರಿ. ಆದರೆ ಆ ರಾಶಿಯನ್ನು ಸೋಸಲು ಬೇಕಾದ ಮಹಾಗಣಕದ ವೆಚ್ಚವನ್ನು ಭರಿಸುವ ಶಕ್ತಿ ಅವರಿಗಿರಲಿಲ್ಲ. 1999ರ ಮೇ 17ರಂದು ಅವರು ಈ ಕೆಲಸವನ್ನು ಜನಸಾಮಾನ್ಯರ ಮುಂದಿಟ್ಟರು.

ಕ್ರಮ ಬಹು ಸರಳ. ಜಲಜನಕದ ಪರಮಾಣುವು ಸಹಜವಾಗಿ ಸೂಸುವ 1420 ಮೆಗಾಹರ್ಟ್ಸ್ ತರಂಗದ ಆಸುಪಾಸಿನ ಸದ್ದನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಕತ್ತರಿಸುತ್ತಿದ್ದರು. ಒಂದೊಂದು ಕಟ್ಟಿನಲ್ಲಿ ಸುಮಾರು 107 ಸೆಕೆಂಡುಗಳ ಸದ್ದು. ಅದು ದೂರವಾಣಿ ತಂತಿಯ ಮೂಲಕ ಕೆಲವೇ ನಿಮಿಷಗಳಲ್ಲಿ ಮನೆಗೆ ಬಂದು ಸೇರುತ್ತಿತ್ತು. ಬಳಿಕ ಸಂಪರ್ಕವನ್ನು ಕಡಿದರೂ ಅಡ್ಡಿಯಿಲ್ಲ. ಮನೆಯವರು ಯಂತ್ರವನ್ನು ಬಿಟ್ಟೆದ್ದೊಡನೆ ಅದು ಆ ಕಟ್ಟನ್ನು ಬಿಚ್ಚಿ, ಮೊರದಲ್ಲಿ ಅಕ್ಕಿ ಕೇರುವಂತೆ, ಸದ್ದಿನಿಂದ ಸಂಕೇತವನ್ನು ಬೇರ್ಪಡಿಸಲು ತೊಡಗುತ್ತಿತ್ತು. ಭೂಮಿಯೂ ತಿರುಗುವುದರಿಂದ, ದೂರದ ಗ್ರಹವೂ ತಿರುಗುವುದರಿಂದ ಸಂಕೇತದ ಸ್ವರ ಏರಿಳಿಯುತ್ತದೆ. ಆದಕಾರಣ ಒಂದೇ ಕಟ್ಟನ್ನು ಸಾವಿರಾರು ಬಗೆಯಲ್ಲಿ ಮತ್ತೆ ಮತ್ತೆ ಕೇರಬೇಕು. ಅಂದಿನ ಯಂತ್ರಗಳಿಗೆ ಇದಕ್ಕೆ ಹತ್ತಾರು ಗಂಟೆಗಳು ಹಿಡಿಯುತ್ತಿದ್ದವು. ಮುಗಿದ ಮೇಲೆ ಫಲಿತಾಂಶವನ್ನು ಹಿಂದಿರುಗಿಸಿ ಹೊಸ ಕಟ್ಟನ್ನು ಪಡೆಯುವುದು. ಹೀಗೆ ಕೈಜೋಡಿಸಿದವರು ಜಗತ್ತಿನಾದ್ಯಂತ 50 ಲಕ್ಷಕ್ಕೂ ಹೆಚ್ಚು ಮಂದಿ.

ಫಲ ದೊರೆಯಿತೆ?

ಲೋಕವು ಕೇಳುವ ಮೊದಲ ಪ್ರಶ್ನೆ ಇದೇ. 21 ವರ್ಷಗಳ ಬಳಿಕ, 2020ರ ಮಾರ್ಚ್ 31ರಂದು, ಹೊಸ ಕಟ್ಟುಗಳನ್ನು ಹಂಚುವುದನ್ನು ನಿಲ್ಲಿಸಲಾಯಿತು. ಅದೇ ವರ್ಷದ ಡಿಸೆಂಬರ್ 1ರಂದು ಆರೆಸಿಬೊದ ದೂರದರ್ಶಕವೂ ಕುಸಿದುಬಿತ್ತು. ಮನೆಮನೆಯ ಯಂತ್ರಗಳು ಗುರುತಿಸಿಕೊಟ್ಟ ಸುಮಾರು 1200 ಕೋಟಿ ಸಂಕೇತಗಳನ್ನು ವಿಜ್ಞಾನಿಗಳು ವರ್ಷಗಟ್ಟಲೆ ಜರಡಿ ಹಿಡಿದು, ಮತ್ತೊಮ್ಮೆ ನೋಡತಕ್ಕವು ಸುಮಾರು 100 ಎಂದು ಆರಿಸಿದರು. ಅವುಗಳತ್ತ ಚೀನಾ ದೇಶದ 500 ಮೀಟರ್ ಅಗಲದ ಫಾಸ್ಟ್ ದೂರದರ್ಶಕವನ್ನು 2025ರಿಂದ ತಿರುಗಿಸಿ ನೋಡಲಾಗುತ್ತಿದೆ. ಅನ್ಯಲೋಕದ ಸಂದೇಶವೆಂದು ಹೇಳಬಹುದಾದುದು ಯಾವುದೂ ದೊರೆತಿಲ್ಲ.

ಹಾಗಾದರೆ ಅಷ್ಟು ಮನೆಗಳ ದುಡಿಮೆ ನೀರಿನಲ್ಲಿ ಹೋಮವಾಯಿತೆ? ಇಲ್ಲವೆಂದು ನಾನು ತಿಳಿಯುತ್ತೇನೆ. ಹುಡುಕಿದ ಜಾಗದಲ್ಲಿ ಇಲ್ಲವೆಂದು ಪ್ರಾಮಾಣಿಕವಾಗಿ ಅರಿತುಕೊಳ್ಳುವುದೂ ಜ್ಞಾನವೇ. ಮುಂದಿನವರು ಅದೇ ಬಾವಿಯನ್ನು ಮತ್ತೆ ತೋಡಬೇಕಾಗಿಲ್ಲ. ಫಲವನ್ನು ಮುಂಗಡವಾಗಿ ಕೇಳಿ ಕಾಯಕಕ್ಕೆ ಕೈಯಿಡುವುದು ಶರಣಮಾರ್ಗವೂ ಅಲ್ಲ.

ಮೇಲಾಗಿ ಇದೇ ಪದ್ಧತಿಯಿಂದ ಪ್ರತ್ಯಕ್ಷ ಫಲವೂ ಒದಗಿದೆ. 2005ರಲ್ಲಿ ಐನ್‌ಸ್ಟೈನ್ ಅಟ್ ಹೋಮ್ ಎಂಬ ಇನ್ನೊಂದು ಯೋಜನೆ ಆರಂಭವಾಯಿತು. ಅದು ಈಗಲೂ ನಡೆಯುತ್ತಿದೆ. ಸತ್ತ ನಕ್ಷತ್ರಗಳ ಅವಶೇಷಗಳಾಗಿ, ದೀಪಸ್ತಂಭದಂತೆ ಮಿಡಿಯುತ್ತ ಗಿರಗಿರನೆ ಸುತ್ತುವ ಪಲ್ಸಾರ್‌ಗಳನ್ನು ಅದು ಹುಡುಕುತ್ತದೆ. 2010ರ ಆಗಸ್ಟ್‌ನಲ್ಲಿ, ಸೆಕೆಂಡಿಗೆ 41 ಬಾರಿ ಸುತ್ತುವ ಹೊಸ ಪಲ್ಸಾರ್ ಒಂದನ್ನು ಕಂಡುಹಿಡಿದುದಾಗಿ ಪ್ರಕಟವಾಯಿತು. ಅದನ್ನು ಗುರುತಿಸಿದ್ದು ಅಮೆರಿಕದ ಅಯೋವಾ ರಾಜ್ಯದ ಒಬ್ಬ ದಂಪತಿಗಳ ಮನೆಯ ಗಣಕ ಮತ್ತು ಜರ್ಮನಿಯ ಒಬ್ಬರ ಗಣಕ. ಎರಡು ಏಕೆಂದರೆ, ಒಂದೇ ಕಟ್ಟನ್ನು ಪರಸ್ಪರ ಪರಿಚಯವಿಲ್ಲದ ಇಬ್ಬರಿಗೆ ಕಳುಹಿಸಿ, ಇಬ್ಬರ ಉತ್ತರವೂ ಒಂದೇ ಆದರೆ ಮಾತ್ರ ಒಪ್ಪುವುದು ಅಲ್ಲಿಯ ನಿಯಮ. ಅಂದಿನಿಂದ ಹೀಗೆ ದೊರೆತ ಪಲ್ಸಾರ್‌ಗಳು 90ಕ್ಕೂ ಹೆಚ್ಚು.

ಈ ಯೋಜನೆಯ ಮೂಲ ಗುರಿ ಗುರುತ್ವದ ಅಲೆಗಳು. ಇಲ್ಲಿ ಬೆಂಗಳೂರಿನವರು ಹೆಮ್ಮೆಪಡಬೇಕಾದ ಹೆಸರೊಂದಿದೆ. ಕಪ್ಪುಕುಳಿಯನ್ನು ಕದಲಿಸಿದರೆ ಅದು ಬಾರಿಸಿದ ಗಂಟೆಯಂತೆ ಕಂಪಿಸಿ ಮೆಲ್ಲನೆ ಶಾಂತವಾಗುವುದೆಂದು 1970ರಲ್ಲಿ ಲೆಕ್ಕದಿಂದ ತೋರಿಸಿದವರು ನಮ್ಮ ಊರಿನಲ್ಲಿ ಹುಟ್ಟಿದ ಸಿ. ವಿ. ವಿಶ್ವೇಶ್ವರ ಅವರು. ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರೂ ಅವರೇ. 2015ರ ಸೆಪ್ಟೆಂಬರ್ 14ರಂದು ಅಮೆರಿಕದ ಲೈಗೊ ಯಂತ್ರಗಳು ಎರಡು ಕಪ್ಪುಕುಳಿಗಳ ಸಂಗಮದ ಅಲೆಯನ್ನು ಮೊದಲ ಬಾರಿಗೆ ಹಿಡಿದವು. ಆ ಅಲೆಯ ಕೊನೆಯಲ್ಲಿ ಕೇಳಿದ್ದು ಅದೇ ಗಂಟೆಯ ಅನುರಣನ. 45 ವರ್ಷ ಕಾದ ಮೇಲೆ ಬಂದ ಆ ಉತ್ತರವನ್ನು ಕೇಳುವ ಭಾಗ್ಯ ಅವರದಾಯಿತು. 2017ರ ಜನವರಿಯಲ್ಲಿ ಅವರು ಬಯಲಾದರು. ಆ ಅಲೆಯನ್ನು ಹಿಡಿದದ್ದು ಮನೆಯ ಗಣಕಗಳಲ್ಲ. ಒಂಟಿ ನಕ್ಷತ್ರವು ಸುತ್ತುತ್ತ ಎಡೆಬಿಡದೆ ಹೊಮ್ಮಿಸಬಹುದಾದ ಇನ್ನೂ ಕ್ಷೀಣವಾದ ಅಲೆಯನ್ನು ಮನೆಯ ಗಣಕಗಳು ಅರಸುತ್ತಿವೆ. ಅದು ಇನ್ನೂ ಸಿಕ್ಕಿಲ್ಲ.

ಲಕ್ಕಮ್ಮನವರ ಪ್ರಶ್ನೆ

ಇಷ್ಟು ಹೇಳಿ ಸುಮ್ಮನಾದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಯಂತ್ರದ ಬಿಡುವು ಚೆಲ್ಲಿದ ಅಕ್ಕಿಯೆಂಬುದು ನಿಜ. ವಿದ್ಯುತ್ತು ಹಾಗಲ್ಲ. ದುಡಿಯುವ ಯಂತ್ರವು ಸುಮ್ಮನಿರುವ ಯಂತ್ರಕ್ಕಿಂತ ಹೆಚ್ಚು ವಿದ್ಯುತ್ತನ್ನು ಉಣ್ಣುತ್ತದೆ. ಹೆಚ್ಚುವರಿಯಾಗಿ 60 ವ್ಯಾಟ್ ಎಂದಿಟ್ಟುಕೊಂಡರೂ, ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 14 ಯೂನಿಟ್ಟುಗಳಿಗೂ ಮೀರುತ್ತದೆ. ಅಂದು ನಾನು ಕರೆಂಟಿನ ಮಾತೆತ್ತಿದ್ದು ತಪ್ಪಲ್ಲ. ಲೆಕ್ಕ ಹಾಕದೆ, ಕೇಳದೆ, ದುಂದು ಎಂದು ತೀರ್ಪು ಕೊಟ್ಟದ್ದು ತಪ್ಪು. ಲಕ್ಕಮ್ಮನವರು ಅಕ್ಕಿಯನ್ನು ನೋಡಿ ಅಳೆದ ಮೇಲೆ ಮಾತನಾಡಿದರು. ನಾನು ನೋಡದೆಯೇ ಮಾತನಾಡಿದೆ.

ಆದುದರಿಂದ ಈ ಸೇವೆಯನ್ನು ಕೈಗೊಳ್ಳಬಯಸುವ ಕುಟುಂಬಗಳು ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಬೇಕು. ಬೋಯಿಂಕ್ ಎಂಬ ಉಚಿತ ತಂತ್ರಾಂಶವನ್ನು ಬರ್ಕಲಿಯ ಆ ಯೋಜನೆಯವರದೇ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಬೇಕು. ದಿನದಲ್ಲಿ ಎಷ್ಟು ಗಂಟೆ, ಯಂತ್ರದ ಶಕ್ತಿಯಲ್ಲಿ ಎಷ್ಟು ಪಾಲು ಎಂಬ ಮಿತಿಯನ್ನು ಅದರಲ್ಲಿಯೇ ನಿಗದಿಮಾಡಬಹುದು. ಬೇಸಗೆಯಲ್ಲಿ ಮಿತಿಯನ್ನು ತಗ್ಗಿಸುವುದು, ಯಂತ್ರದ ಗಾಳಿಕಂಡಿಯ ಧೂಳನ್ನು ತೆಗೆಯುವುದು ಅಗತ್ಯ. ಈ ಕೆಲಸಕ್ಕಾಗಿಯೇ ಹೊಸ ಯಂತ್ರವನ್ನು ಕೊಳ್ಳುವುದಾಗಲಿ, ಆರಿಸಬೇಕಾದ ಯಂತ್ರವನ್ನು ರಾತ್ರಿಯಿಡೀ ಉರಿಸುವುದಾಗಲಿ ಬೇಡ. ಬೇರೆ ಕೆಲಸಕ್ಕೆ ಹೇಗೂ ನಡೆಯುತ್ತಿರುವಾಗಿನ ಉಳಿಕೆಯಷ್ಟೇ ಸಾಕು. ಮುಖ್ಯವಾಗಿ, ಕಚೇರಿಯ ಅಥವಾ ಶಾಲೆಯ ಯಂತ್ರದಲ್ಲಿ ಮೇಲಿನವರ ಅನುಮತಿಯಿಲ್ಲದೆ ಇದನ್ನು ಎಂದಿಗೂ ಹಾಕಬಾರದು. ಪರರ ಸೊತ್ತಿನಿಂದ ಮಾಡಿದುದು ದಾಸೋಹವಾಗದು.

ಮನೆಮನೆಯ ಕಟ್ಟುಗಳು

ಹಂಚಿಹೋದುದನ್ನು ಒಂದುಗೂಡಿಸುವ ಕಾರ್ಯ ನಮ್ಮ ಸಮಾಜಕ್ಕೆ ಅಪರಿಚಿತವಲ್ಲ. ಕಲ್ಯಾಣದ ಕ್ರಾಂತಿಯ ನಂತರ ಚದುರಿದ ವಚನಗಳು ಶತಮಾನಗಳ ಕಾಲ ಉಳಿದದ್ದು ಮಠಗಳಲ್ಲಿ ಮಾತ್ರವಲ್ಲ, ಸಾಮಾನ್ಯ ಮನೆಗಳಲ್ಲಿಯೂ. ಜಗಲಿಯ ಮೇಲೆ ತಾಳೆಗರಿಯ ಒಂದು ಕಟ್ಟನ್ನಿಟ್ಟು ಪೂಜಿಸುತ್ತ ಬಂದ ಮನೆಯವರಿಗೆ, ಅದು ಮಹಾಸಾಹಿತ್ಯವೊಂದರ ಭಾಗವೆಂಬ ಅರಿವು ಇದ್ದಿರಲಾರದು. ವಿಜಯಪುರದ ವಕೀಲರಾಗಿದ್ದ ಡಾ. ಫ. ಗು. ಹಳಕಟ್ಟಿಯವರು ಅಂಥ ಕಟ್ಟುಗಳನ್ನು ಮನೆಮನೆಯಿಂದ ಅರಸಿ ತಂದು, ಹೋಲಿಸಿ ನೋಡಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. ಅವರ ಹೆಸರನ್ನು ನಾವು ಬಲ್ಲೆವು. ಗರಿಗಳನ್ನು ಗೆದ್ದಲಿನಿಂದ ಕಾಪಾಡಿದ ಮನೆಗಳ ಹೆಸರನ್ನು ಬಲ್ಲವರಾರು? ಆದರೂ ಅವರಿಲ್ಲದೆ ಇಂದು ನಮ್ಮ ಕೈಯಲ್ಲಿ ವಚನಗಳಿರುತ್ತಿರಲಿಲ್ಲ.

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಸ್ಥಾಪಿಸಿದ ಬೆಂಗಳೂರು ಸೈನ್ಸ್ ಫೋರಂ, ವಿಜ್ಞಾನವನ್ನು ಪ್ರಯೋಗಶಾಲೆಯಿಂದ ಊರ ನಡುವಿಗೆ ತಂದಿತು. ಅಲ್ಲಿಗೆ ಹೋಗಿ ಕೇಳುವುದು ಒಂದು ಹೆಜ್ಜೆ. ಕೇಳಿದುದಕ್ಕೆ ಮನೆಯಿಂದಲೇ ಕೈಗೂಡಿಸುವುದು ಅದರ ಮುಂದಿನ ಹೆಜ್ಜೆ.

ಕಳೆದ ವರ್ಷ ಅಕ್ಕನ ಮಗನನ್ನು ಮನೆಗೆ ಕರೆದು, ನಮ್ಮ ಯಂತ್ರದಲ್ಲಿ ಅದನ್ನು ಮತ್ತೆ ಹಾಕಿಕೊಡೆಂದು ಕೇಳಿದೆ. ಅವನು ನಗಲೂ ಇಲ್ಲ, ಹಳೆಯದನ್ನು ಎತ್ತಿ ಆಡಲೂ ಇಲ್ಲ. "ಎಷ್ಟು ಹೊತ್ತು ಇಡಲಿ, ಮಾಮ?" ಎಂದಷ್ಟೇ ಕೇಳಿದನು. ನಾನು ಸಂಜೆ ಓದಲು, ಬರೆಯಲು ಕುಳಿತುಕೊಳ್ಳುವ ಮೂರು ಗಂಟೆ ಎಂದೆ. ಈ ಲೇಖನವನ್ನು ಬರೆಯುತ್ತಿರುವಾಗಲೂ ಯಂತ್ರದ ಒಂದು ಮೂಲೆಯಲ್ಲಿ ಯಾವುದೋ ನಕ್ಷತ್ರದ ಕಾಳು ಕೇರಲ್ಪಡುತ್ತಿದೆ. ಅದರಲ್ಲಿ ಏನಾದರೂ ದೊರೆಯುವುದೆಂಬ ನಿರೀಕ್ಷೆ ನನಗಿಲ್ಲ. ನಾನು ಎದ್ದು ಆರಿಸಿದಾಗ ಅದೂ ನಿಲ್ಲುತ್ತದೆ, ನಾಳೆ ಸಂಜೆ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ.